ತೇಲುವ ಆಸ್ಪತ್ರೆ: ಮರ್ಸಿ ಶಿಪ್ಸ್ ಮತ್ತು ಅದರ ಸ್ವಯಂಸೇವಕರು

ಬಡ ರಾಷ್ಟ್ರಗಳ ಬಂದರಿನಲ್ಲಿ ತಿಂಗಳುಗಟ್ಟಲೆ ಲಂಗರು ಹಾಕಿ, ಅಲ್ಲಿನ ಜನರಿಗೆ ಉಚಿತವಾಗಿ ಶಸ್ತ್ರಚಿಕಿತ್ಸೆ ಮಾಡುವ ಹಡಗುಗಳಿಗೆ ಆಸ್ಪತ್ರೆ ಹಡಗು ಎಂದು ಹೆಸರು. ಯುದ್ಧಕಾಲದಲ್ಲಿ ಗಾಯಾಳು ಸೈನಿಕರಿಗಾಗಿ ಹುಟ್ಟಿದ ಈ ಕಲ್ಪನೆಯನ್ನು ನಾಗರಿಕ ಸೇವೆಗೆ ತಿರುಗಿಸಿದ ಸಂಸ್ಥೆಗಳಲ್ಲಿ ಇಂದು ಹೆಚ್ಚು ಪರಿಚಿತವಾದುದು ಮರ್ಸಿ ಶಿಪ್ಸ್. ಡಾನ್ ಸ್ಟೀಫನ್ಸ್ ಮತ್ತು ಅವರ ಪತ್ನಿ ಡಿಯಾನ್ 1978ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಆರಂಭಿಸಿದ ಈ ಕ್ರೈಸ್ತ ಸೇವಾಸಂಸ್ಥೆಯ ಕೇಂದ್ರ ಕಚೇರಿ ಈಗ ಅಮೆರಿಕದ ಟೆಕ್ಸಾಸ್‌ನಲ್ಲಿದೆ. ರೋಗಿಯ ಧರ್ಮ ಯಾವುದೆಂದು ಇಲ್ಲಿ ನೋಡುವುದಿಲ್ಲ. ಚಿಕಿತ್ಸೆಗೆ ಶುಲ್ಕವೂ ಇಲ್ಲ.

ಸ್ಟೀಫನ್ಸ್ ದಂಪತಿಗೆ ಮೊದಲು ಒಂದು ಮಾದರಿಯಿತ್ತು. ಅಮೆರಿಕದ ವೈದ್ಯ ವಿಲಿಯಂ ವಾಲ್ಷ್ ನೌಕಾಪಡೆಯ ಹಳೆಯ ಆಸ್ಪತ್ರೆ ಹಡಗೊಂದನ್ನು ಪಡೆದು, ‘ಹೋಪ್’ ಎಂದು ಹೆಸರಿಟ್ಟು, 1960ರಲ್ಲಿ ಇಂಡೊನೇಷ್ಯಾಕ್ಕೆ ಕಳುಹಿಸಿದ್ದರು. ಆ ಹಡಗು 1974ರಲ್ಲಿ ನಿವೃತ್ತಿಯಾಯಿತು.

ಮರ್ಸಿ ಶಿಪ್ಸ್‌ನ ಮೊದಲ ಹಡಗಿಗೂ ಭಾರತಕ್ಕೂ ಆದಿ ಅಂತ್ಯಗಳೆರಡರಲ್ಲಿಯೂ ನಂಟುಂಟು. 1953ರಲ್ಲಿ ನಿರ್ಮಾಣವಾದ ಇಟಲಿಯ ‘ವಿಕ್ಟೋರಿಯಾ’ ಎಂಬ ಪ್ರಯಾಣಿಕರ ಹಡಗು ಸೂಯೆಜ್ ಮಾರ್ಗವಾಗಿ ಮುಂಬಯಿಗೆ ಬರುತ್ತಿತ್ತು. ಅದನ್ನು 1978ರಲ್ಲಿ ಸುಮಾರು ಹತ್ತು ಲಕ್ಷ ಡಾಲರ್‌ಗೆ ಕೊಂಡ ಸಂಸ್ಥೆ ‘ಅನಸ್ತಾಸಿಸ್’ ಎಂದು ಮರುನಾಮಕರಣ ಮಾಡಿತು. ದುರಸ್ತಿಗೆ ಹಣ ಹೊಂದಿಸಲಾಗದೆ ಗ್ರೀಸ್‌ನಲ್ಲಿ ವರ್ಷಗಟ್ಟಲೆ ನಿಂತಿದ್ದ ಅದು ಹೊರಟದ್ದು 1982ರಲ್ಲಿ. ಕಾಲು ಶತಮಾನದ ಸೇವೆಯ ಬಳಿಕ 2007ರಲ್ಲಿ ಗುಜರಾತಿನ ಅಲಂಗ್ ಹಡಗು ಒಡೆಯುವ ಅಂಗಳದಲ್ಲಿ ಅದರ ಕಥೆ ಮುಗಿಯಿತು. ಅದೇ ವರ್ಷ ಸೇವೆಗಿಳಿದ ‘ಆಫ್ರಿಕಾ ಮರ್ಸಿ’ ಮೂಲತಃ ಡೆನ್ಮಾರ್ಕ್‌ನಲ್ಲಿ ರೈಲುಗಳನ್ನು ದಾಟಿಸುತ್ತಿದ್ದ ಹಡಗು. ಹಳಿಗಳಿದ್ದ ಮಾಳಿಗೆಯಲ್ಲಿ ಈಗ ಐದು ಶಸ್ತ್ರಚಿಕಿತ್ಸಾ ಕೊಠಡಿಗಳೂ ವಾರ್ಡ್‌ಗಳೂ ಇವೆ. ಆಸ್ಪತ್ರೆಯಾಗಿಯೇ ವಿನ್ಯಾಸಗೊಂಡು ಚೀನಾದಲ್ಲಿ ನಿರ್ಮಾಣವಾದ ‘ಗ್ಲೋಬಲ್ ಮರ್ಸಿ’ 2021ರಲ್ಲಿ ಸಂಸ್ಥೆಯ ಕೈಸೇರಿತು. 174 ಮೀಟರ್ ಉದ್ದ, 12 ಅಂತಸ್ತು, ಆರು ಶಸ್ತ್ರಚಿಕಿತ್ಸಾ ಕೊಠಡಿ, ಸುಮಾರು 200 ಹಾಸಿಗೆ. 2022ರಲ್ಲಿ ಸೆನೆಗಲ್‌ನ ಡಕಾರ್‌ಗೆ, 2023ರಲ್ಲಿ ಸಿಯೆರಾ ಲಿಯೋನ್‌ನ ಫ್ರೀಟೌನ್‌ಗೆ ಅದು ತೆರಳಿತು.

ಹಡಗೇ ಏಕೆ?

ಶಸ್ತ್ರಚಿಕಿತ್ಸೆಗೆ ವೈದ್ಯನೊಬ್ಬನಿದ್ದರೆ ಸಾಲದು. ನಿರಂತರ ವಿದ್ಯುತ್, ಶುದ್ಧ ನೀರು, ಆಮ್ಲಜನಕ, ಪ್ರಯೋಗಾಲಯ, ರಕ್ತ ಎಲ್ಲವೂ ಒಂದೆಡೆ ದೊರೆಯಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಸಾಮಾನ್ಯ ಶಸ್ತ್ರಚಿಕಿತ್ಸೆಯೂ ಅಪಾಯಕಾರಿ. ಹಡಗು ಇವೆಲ್ಲವನ್ನೂ ತನ್ನೊಂದಿಗೇ ಹೊತ್ತು ತರುತ್ತದೆ. ರಕ್ತನಿಧಿಯಂತೂ ಸಿಬ್ಬಂದಿಯೇ: ಅಗತ್ಯ ಬಿದ್ದಾಗ ಅಡುಗೆಯವರೋ ಎಂಜಿನಿಯರೋ ಕೆಳಗಿಳಿದು ಬಂದು ರಕ್ತ ಕೊಡುತ್ತಾರೆ.

ಕೊರತೆಯ ಪ್ರಮಾಣವನ್ನು 2015ರ ಲ್ಯಾನ್ಸೆಟ್ ಆಯೋಗದ ವರದಿ ತೆರೆದಿಟ್ಟಿತು. ಸುರಕ್ಷಿತವೂ ಕೈಗೆಟಕುವಂತಹದೂ ಆದ ಶಸ್ತ್ರಚಿಕಿತ್ಸೆ ದೊರೆಯದವರು ಜಗತ್ತಿನಲ್ಲಿ 500 ಕೋಟಿ ಜನ. ವರ್ಷಕ್ಕೆ ನಡೆಯುವ 31.3 ಕೋಟಿ ಶಸ್ತ್ರಚಿಕಿತ್ಸೆಗಳಲ್ಲಿ, ಜನಸಂಖ್ಯೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನರಿರುವ ಅತಿ ಬಡ ದೇಶಗಳ ಪಾಲು ಶೇಕಡಾ 6 ಮಾತ್ರ.

ಅಂಕಿಸಂಖ್ಯೆಗಿಂತ ಒಂದು ಕಾಯಿಲೆಯ ಉದಾಹರಣೆ ಹೆಚ್ಚು ಹೇಳೀತು. ಅಮೆಲೊಬ್ಲಾಸ್ಟೋಮಾ ಎಂಬುದು ಹಲ್ಲಿನ ಎನಾಮಲ್ ರೂಪಿಸುವ ಜೀವಕೋಶಗಳಿಂದ ದವಡೆಯಲ್ಲಿ ಹುಟ್ಟುವ ಗೆಡ್ಡೆ. ಸಾಮಾನ್ಯವಾಗಿ ಇದು ಕ್ಯಾನ್ಸರ್ ಅಲ್ಲ, ದೇಹದ ಬೇರೆಡೆಗೆ ಹರಡುವುದೂ ಅಪರೂಪ. ಶಸ್ತ್ರವೈದ್ಯರು ಸಿಗುವ ಊರಿನಲ್ಲಿ ಚಿಕ್ಕದಿರುವಾಗಲೇ ತೆಗೆದುಹಾಕುತ್ತಾರೆ. ಸಿಗದ ಕಡೆ ಅದು ವರ್ಷಾನುವರ್ಷ ಬೆಳೆದು, ತೆಂಗಿನಕಾಯಿ ಗಾತ್ರ ತಲುಪಿ, ಬಾಯಿಯನ್ನೂ ಉಸಿರಿನ ದಾರಿಯನ್ನೂ ಮುಚ್ಚುತ್ತದೆ. ಕೊಲ್ಲುವುದು ಗೆಡ್ಡೆಯಲ್ಲ, ಹಸಿವು ಅಥವಾ ಉಸಿರುಗಟ್ಟುವಿಕೆ. ಅದಕ್ಕೂ ಮೊದಲೇ ಶಾಪಗ್ರಸ್ತರೆಂಬ ಹಣೆಪಟ್ಟಿ ಹೊತ್ತು ಮನೆಯ ಮೂಲೆ ಸೇರಿದವರೂ ಇದ್ದಾರೆ. ಮಕ್ಕಳ ಮುಖವನ್ನು ಕೊಳೆಯಿಸುವ ನೋಮಾ ಎಂಬ ರೋಗವನ್ನು ವಿಶ್ವ ಆರೋಗ್ಯ ಸಂಸ್ಥೆ ನಿರ್ಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿದ್ದು 2023ರ ಡಿಸೆಂಬರ್‌ನಲ್ಲಷ್ಟೇ. ಇವಲ್ಲದೆ ಸೀಳುತುಟಿ, ಕಣ್ಣಿನ ಪೊರೆ, ಬಾಗಿದ ಕಾಲು, ಸುಟ್ಟು ಸೆಟೆದ ಚರ್ಮ, ಹೆರಿಗೆಯ ವೇಳೆ ಉಂಟಾಗುವ ಫಿಸ್ಟುಲಾ ಮುಂತಾದವುಗಳಿಗೂ ಹಡಗಿನಲ್ಲಿ ಚಿಕಿತ್ಸೆ ನೀಡುತ್ತಾ ಬರಲಾಗಿದೆ.

ಕೈಯಿಂದ ಹಣ ಕೊಟ್ಟು ದುಡಿಯುವವರು

ಕಪ್ತಾನನಿಂದ ಶಸ್ತ್ರವೈದ್ಯರವರೆಗೆ ಸಿಬ್ಬಂದಿಗೆ ಸಂಬಳವಿಲ್ಲ. ಪ್ರಯಾಣದ ವೆಚ್ಚ ಅವರದೇ. ಹಡಗಿನಲ್ಲಿ ಊಟ ವಸತಿಗೂ ಅವರೇ ಹಣ ಭರಿಸುವುದು ಸಂಸ್ಥೆಯಲ್ಲಿ ದೀರ್ಘಕಾಲ ಇದ್ದ ಪದ್ಧತಿಯಾಗಿತ್ತು. ಶಸ್ತ್ರವೈದ್ಯರು ಎರಡು ಮೂರು ವಾರಗಳ ರಜೆ ಹಾಕಿ ಬರುವುದುಂಟು. ದಾದಿಯರು ತಿಂಗಳುಗಟ್ಟಲೆ ಇರುತ್ತಾರೆ. ದೀರ್ಘಕಾಲ ಇರುವ ಕುಟುಂಬಗಳ ಮಕ್ಕಳಿಗಾಗಿ ಹಡಗಿನೊಳಗೇ ಶಾಲೆಯುಂಟು. ಮುಖ ಮತ್ತು ದವಡೆಯ ಶಸ್ತ್ರವೈದ್ಯ ಗ್ಯಾರಿ ಪಾರ್ಕರ್ 1980ರ ದಶಕದಲ್ಲಿ ಅಲ್ಪಾವಧಿಗೆಂದು ಬಂದವರು, ದಶಕಗಳ ಕಾಲ ಅಲ್ಲಿಯೇ ಉಳಿದರು. ವೈದ್ಯರಷ್ಟೇ ಅಲ್ಲ, ಎಲೆಕ್ಟ್ರಿಷಿಯನ್, ಶಿಕ್ಷಕ, ಕ್ಷೌರಿಕ, ಪಾತ್ರೆ ತೊಳೆಯುವವರೂ ಸ್ವಯಂಸೇವಕರೇ. ಭಾಷಾಂತರಕ್ಕೆ ಮತ್ತಿತರ ಕೆಲಸಗಳಿಗೆ ಮಾತ್ರ ಆಯಾ ಬಂದರಿನ ಸ್ಥಳೀಯರನ್ನು ಸಂಬಳ ಕೊಟ್ಟು ನೇಮಿಸಿಕೊಳ್ಳುತ್ತಾರೆ. ಸಿಯೆರಾ ಲಿಯೋನ್‌ನ ಹಳ್ಳಿಯಿಂದ ಬಂದ ತಾಯಿಗೆ ಕ್ರಿಯೋ, ಮೆಂಡೆ ಅಥವಾ ತೆಮ್ನೆ ಭಾಷೆಯಲ್ಲಿ ವಿವರಿಸುವವರಿಲ್ಲದಿದ್ದರೆ ಯಾವ ತಜ್ಞನ ಕೈಚಳಕವೂ ನಡೆಯದು.

ಎಲ್ಲರಿಗೂ ಸ್ಥಳವಿಲ್ಲ ಎಂಬುದು ಈ ಸೇವೆಯ ಕಠೋರ ಸತ್ಯ. ರೋಗಿಗಳ ಆಯ್ಕೆಗೆ ಸಾವಿರಾರು ಜನ ಸೇರುತ್ತಾರೆ, ಹಲವರು ಬರಿಗೈಯಲ್ಲಿ ಮರಳುತ್ತಾರೆ. 2010ರಲ್ಲಿ ಟೋಗೋದ ಲೋಮೆಯಲ್ಲಿ ಇಂತಹ ಆಯ್ಕೆಯ ದಿನ ನೂಕುನುಗ್ಗಲಾಗಿ ಸಾವು ಸಂಭವಿಸಿತ್ತು. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹಬ್ಬಿದಾಗ ‘ಆಫ್ರಿಕಾ ಮರ್ಸಿ’ ಅಲ್ಲಿಗೆ ಹೋಗದೆ ಮಡಗಾಸ್ಕರ್‌ಗೆ ತಿರುಗಿತು. ಅಗತ್ಯವಿದ್ದಾಗಲೇ ದೂರ ಸರಿದಂತೆ ಇದು ಕಾಣಬಹುದು. ಆದರೆ ನೂರಾರು ಜನ ಒತ್ತೊತ್ತಾಗಿ ವಾಸಿಸುವ ಹಡಗು ಶಸ್ತ್ರಚಿಕಿತ್ಸೆಗೆ ತಕ್ಕುದೇ ಹೊರತು ಸಾಂಕ್ರಾಮಿಕ ರೋಗಿಗಳನ್ನು ಪ್ರತ್ಯೇಕವಾಗಿರಿಸಲು ಅಲ್ಲ.

ಹಡಗು ಹೊರಟ ಮೇಲೆ ಮುಂದೇನು ಎಂಬ ಪ್ರಶ್ನೆಯೇ ಹೆಚ್ಚು ತೂಕದ್ದು. ಶಸ್ತ್ರಚಿಕಿತ್ಸೆಯ ನಂತರದ ಆರೈಕೆ ವಾರಗಳಲ್ಲಿ ಮುಗಿಯುವುದಿಲ್ಲ. ಹೊಸ ರೋಗಿಗಳು ಹುಟ್ಟುತ್ತಲೇ ಇರುತ್ತಾರೆ. ಆದ್ದರಿಂದ ಸ್ಥಳೀಯ ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು ಮತ್ತು ದಾದಿಯರ ತರಬೇತಿಗೆ ಸಂಸ್ಥೆ ಒತ್ತು ಕೊಡುತ್ತಾ ಬಂದಿದೆ. ‘ಗ್ಲೋಬಲ್ ಮರ್ಸಿ’ಯಲ್ಲಿ ಇದಕ್ಕೆಂದೇ ಸ್ಥಳ ಮೀಸಲಿದೆ.

ಭಾರತದಲ್ಲಿ ಇದೇ ತತ್ವ ಹಳಿಯ ಮೇಲೆ ಓಡಿದೆ. 1991ರಲ್ಲಿ ಇಂಪ್ಯಾಕ್ಟ್ ಇಂಡಿಯಾ ಪ್ರತಿಷ್ಠಾನ ರೈಲ್ವೆಯ ನೆರವಿನಿಂದ ಆರಂಭಿಸಿದ ಲೈಫ್‌ಲೈನ್ ಎಕ್ಸ್‌ಪ್ರೆಸ್ ಎಂಬ ಆಸ್ಪತ್ರೆ ರೈಲು ಕಣ್ಣಿನ ಪೊರೆ, ಸೀಳುತುಟಿ, ಪೋಲಿಯೊ ಅಂಗವೈಕಲ್ಯಗಳಿಗೆ ಹಳ್ಳಿಗಾಡಿನ ನಿಲ್ದಾಣಗಳಲ್ಲಿಯೇ ಉಚಿತ ಶಸ್ತ್ರಚಿಕಿತ್ಸೆ ನಡೆಸಿತು. ಅಲ್ಲಿಯೂ ಶಸ್ತ್ರವೈದ್ಯರು ಸ್ವಯಂಸೇವಕರೇ.