ರಕ್ತದೊತ್ತಡವೂ ಮೂತ್ರಪಿಂಡವೂ: ಒಂದು ಕಾರ್ಯಕಾರಣ ವಿಚಾರದ ಚರಿತ್ರೆ

ರಕ್ತದೊತ್ತಡವು ಅಲ್ಪವಾಗಿ ಏರಿದವರಲ್ಲಿಯೂ ಮೂತ್ರಪಿಂಡಗಳ ಕಾರ್ಯವನ್ನು ಪರೀಕ್ಷಿಸುವುದು ಇಂದು ವಾಡಿಕೆಯಾಗಿದೆ. ಆದರೆ ಇವೆರಡರಲ್ಲಿ ಕಾರಣ ಯಾವುದು, ಕಾರ್ಯ ಯಾವುದು ಎಂಬ ಪ್ರಶ್ನೆಯು ವೈದ್ಯರನ್ನು ಬಹುಕಾಲ ಕಾಡಿತು. ಆ ವಿವಾದದ ಚರಿತ್ರೆಯನ್ನು ನಾವಿಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟನು 1827ರಲ್ಲಿ ಮೈಯ ಬಾವು, ಮೂತ್ರದಲ್ಲಿ ಆಲ್ಬುಮಿನ್, ವಿಕೃತ ಮೂತ್ರಪಿಂಡ ಇವು ಮೂರಕ್ಕೂ ಇರುವ ಸಂಬಂಧವನ್ನು ತೋರಿಸಿದನು. ಇಂಥ ರೋಗಿಗಳ ಹೃದಯವು ದಪ್ಪವಾಗಿರುವುದನ್ನು 1836ರಲ್ಲಿ ವಿವರಿಸಿದನು. ಒತ್ತಡವನ್ನು ಅಳೆಯುವ ಉಪಕರಣವು ಅಂದಿನ ವೈದ್ಯರ ಕೈಯಲ್ಲಿರಲಿಲ್ಲ. ಆದುದರಿಂದ ಮೂತ್ರಪಿಂಡದ ವಿಕಾರವೇ ಮೂಲ, ಉಳಿದುದೆಲ್ಲ ಅದರ ಫಲ ಎಂಬ ಭಾವನೆ ಪ್ರಬಲವಾಯಿತು.

ಈ ಕ್ರಮವನ್ನು ಪ್ರಶ್ನಿಸಿದವನು ಅದೇ ಆಸ್ಪತ್ರೆಯ ಫ್ರೆಡರಿಕ್ ಅಕ್ಬರ್ ಮಹಮ್ಮದ್. ಪಾಟ್ನಾದಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ನೆಲಸಿದ ದೀನ್ ಮಹಮ್ಮದನು ಈತನ ಅಜ್ಜ. ನಾಡಿಯ ಬಡಿತವನ್ನು ರೇಖೆಯಾಗಿ ಬರೆಯುವ ಯಂತ್ರವನ್ನು ಈತನು 1872ರಲ್ಲಿ ಸುಧಾರಿಸಿದನು. ಸ್ಕಾರ್ಲೆಟ್ ಜ್ವರದ ರೋಗಿಗಳಲ್ಲಿ, ಮೂತ್ರದಲ್ಲಿ ಆಲ್ಬುಮಿನ್ ಕಾಣಿಸುವುದಕ್ಕೆ ಮೊದಲೇ ಒತ್ತಡವು ಏರಿರುವುದನ್ನು ಅದರ ನೆರವಿನಿಂದ ಕಂಡನು. ಆರೋಗ್ಯವಂತರಾಗಿ ತೋರುವವರಲ್ಲಿಯೂ ಒತ್ತಡವು ಹೆಚ್ಚಿರಬಹುದು, ಮೂತ್ರಪಿಂಡದ ಕೇಡು ಅನಂತರ ಬರಬಹುದು ಎಂದು ಪ್ರತಿಪಾದಿಸಿದನು. 1884ರಲ್ಲಿ, ತನ್ನ 35ನೆಯ ವಯಸ್ಸಿನಲ್ಲಿ, ಈತನು ವಿಷಮಶೀತ ಜ್ವರದಿಂದ ಮರಣಹೊಂದಿದನು. ತೋಳಿಗೆ ಪಟ್ಟಿ ಸುತ್ತಿ ಒತ್ತಡವನ್ನು ಅಂಕಿಯಲ್ಲಿ ಅಳೆಯುವ ರಿವಾ ರೊಚ್ಚಿಯ ಉಪಕರಣ ಬಂದುದು 1896ರಲ್ಲಿ.

ಹಾಗೆಂದು ಹಳೆಯ ಪಕ್ಷವು ನಿರಾಧಾರವಾಗಿರಲಿಲ್ಲ. ಮೂತ್ರಪಿಂಡದಲ್ಲಿ ಒತ್ತಡವನ್ನು ಏರಿಸುವ ರೆನಿನ್ ಎಂಬ ದ್ರವ್ಯವಿರುವುದನ್ನು ಟೀಗರ್‌ಸ್ಟೆಟ್ ಮತ್ತು ಬೆರ್ಗ್‌ಮನ್ 1898ರಲ್ಲಿ ಪ್ರಕಟಿಸಿದರು. ನಾಯಿಗಳ ಮೂತ್ರಪಿಂಡದ ಅಪಧಮನಿಯನ್ನು ಬಿಗಿದರೆ ಒತ್ತಡವು ಏರುವುದೆಂದು 1934ರಲ್ಲಿ ಗೋಲ್ಡ್‌ಬ್ಲಾಟ್ ತೋರಿಸಿದನು. ಎಂದರೆ ಒಂದರ ಕೇಡು ಮತ್ತೊಂದನ್ನು ಬೆಳೆಸುವುದು. ಎರಡು ಪಕ್ಷಗಳಲ್ಲಿಯೂ ಸತ್ಯಾಂಶವಿತ್ತು.

ಈ ವಿವಾದವು ಕೇವಲ ಪಂಡಿತರ ಚರ್ಚೆಯಾಗಿರಲಿಲ್ಲ. ಏರಿದ ಒತ್ತಡವು ರೋಗಗ್ರಸ್ತ ಅಂಗಗಳಿಗೆ ರಕ್ತವನ್ನು ತಲಪಿಸಲು ದೇಹವೇ ಮಾಡಿಕೊಂಡ ಏರ್ಪಾಡೆಂದು ನಂಬಿದ ವೈದ್ಯರು, ಅದನ್ನು ಇಳಿಸಲು ಇಪ್ಪತ್ತನೆಯ ಶತಮಾನದಲ್ಲಿಯೂ ಹಿಂಜರಿದರು. ಚಿಕಿತ್ಸೆಯಿಂದ ಪ್ರಯೋಜನವುಂಟೆಂಬುದು 1967 ಮತ್ತು 1970ರಲ್ಲಿ ಪ್ರಕಟವಾದ ಅಮೆರಿಕದ ಮಾಜಿ ಸೈನಿಕರ ಮೇಲಿನ ಪರೀಕ್ಷೆಗಳಿಂದ ಸ್ಪಷ್ಟಪಟ್ಟಿತು. 2017ರಲ್ಲಿ ಅಮೆರಿಕದ ಹೃದ್ರೋಗ ಸಂಸ್ಥೆಗಳು ಅಧಿಕ ಒತ್ತಡದ ಗಡಿಯನ್ನು 140/90ರಿಂದ 130/80ಕ್ಕೆ ಇಳಿಸಿದವು.

ಇಂದು ಅಲ್ಪ ಒತ್ತಡವುಳ್ಳವನ ಮೂತ್ರದಲ್ಲಿ ವೈದ್ಯರು ಆಲ್ಬುಮಿನ್ನಿನ ಲೇಶವನ್ನು ಅರಸುವಾಗ, ರೋಗಲಕ್ಷಣಗಳಿಗೆ ಮುಂಚಿನ ಆ ಅವಸ್ಥೆಯನ್ನೇ ಗಮನಿಸುತ್ತಾರೆ. ಅದರತ್ತ ವೈದ್ಯರ ದೃಷ್ಟಿಯನ್ನು ತಿರುಗಿಸಿದವರಲ್ಲಿ ಮಹಮ್ಮದನಿಗೆ ಅಗ್ರಸ್ಥಾನ ಸಲ್ಲಬೇಕೆಂದು ನಾವು ಭಾವಿಸುತ್ತೇವೆ.