ವಿಮಾನದ ಮೈಮೇಲಿನ ಐದು ಪಟ್ಟೆಗಳು



ದೂರದರ್ಶನಕ್ಕೆ ಕಾರ್ಯಕ್ರಮ ಮಾಡುವವರಿಗೆ ವೀಕ್ಷಕರ ಪತ್ರಗಳೇ ಅಂಕಪಟ್ಟಿ. ಹೊಗಳಿ ಬರೆದ ಪತ್ರಗಳನ್ನು ನಾವು ಎಲ್ಲರಿಗೂ ತೋರಿಸುತ್ತೇವೆ. ತಪ್ಪು ಎತ್ತಿ ತೋರಿಸಿದ ಪತ್ರಗಳು ಮೇಜಿನ ಖಾನೆ ಸೇರುತ್ತವೆ. ಹಾಗೆ ಖಾನೆ ಸೇರಿದ ಒಂದು ಅಂಚೆ ಕಾರ್ಡಿನಿಂದಲೇ ಈ ಲೇಖನ ಹುಟ್ಟಿತು.

ಕೆಲವು ವರ್ಷಗಳ ಹಿಂದೆ ಯುದ್ಧವಿಮಾನಗಳ ಇತಿಹಾಸವನ್ನು ಕುರಿತು ನಮ್ಮಲ್ಲೊಂದು ಮಾತುಕತೆ ಏರ್ಪಾಡಾಗಿತ್ತು. ಸ್ಟುಡಿಯೋದ ಮೇಜಿನ ಮೇಲಿಡಲು ನಾನೇ ಒಂದು ಸ್ಪಿಟ್‌ಫೈರ್ ವಿಮಾನದ ಕಿಟ್ ತರಿಸಿ, ಎರಡು ತಿಂಗಳ ಭಾನುವಾರಗಳನ್ನೆಲ್ಲ ಅದಕ್ಕೆ ಕೊಟ್ಟು ಜೋಡಿಸಿದ್ದೆ. ಕ್ಯಾಮೆರಾದಲ್ಲಿ ಎದ್ದು ಕಾಣಲಿ ಎಂದು ರೆಕ್ಕೆಗಳಿಗೂ ಬಾಲದ ಮುಂಭಾಗಕ್ಕೂ ಕಪ್ಪು ಬಿಳಿ ಪಟ್ಟೆಗಳನ್ನು ಬಳಿದೆ. ಯಾವುದೋ ಚಿತ್ರದಲ್ಲಿ ಹಾಗೆ ನೋಡಿದ ನೆನಪಿತ್ತು. ಕಾರ್ಯಕ್ರಮ ಪ್ರಸಾರವಾದ ವಾರದಲ್ಲೇ ಪಿಯುಸಿ ಓದುವ ಒಬ್ಬ ಹುಡುಗಿಯ ಕಾರ್ಡು ಬಂತು. ‘ಸಾರ್, ಇದು 1940ರ ಬ್ರಿಟನ್ ಕದನದ ವಿಮಾನ ಎಂದು ಹೇಳಿದಿರಿ. ಆದರೆ ಆ ಪಟ್ಟೆಗಳು 1944ರವು. ಎರಡರಲ್ಲಿ ಯಾವುದು ಸರಿ?’

ಹುಡುಗಿ ಹೇಳಿದ್ದೇ ಸರಿ. ನನ್ನದು ಬರೀ ಬಣ್ಣದ ತಪ್ಪು ಎಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಆ ಪಟ್ಟೆಗಳು ವಿಮಾನದ ಮೈಮೇಲೆ ಬಂದದ್ದು ಹೇಗೆ ಎಂದು ಹುಡುಕುತ್ತ ಹೋದಾಗ, ನಾನು ಆಟಿಕೆ ಎಂದುಕೊಂಡಿದ್ದ ವಸ್ತುವಿನ ಹಿಂದೆ ಎಷ್ಟೊಂದು ಜೀವಗಳ ಲೆಕ್ಕವಿದೆ ಎಂಬುದು ತಿಳಿಯಿತು. ಅದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಅಳತೆಯ ಮಾತು. ನಾನು ಜೋಡಿಸಿದ ಮಾದರಿ 1:24 ಪ್ರಮಾಣದ್ದು. ಅಂದರೆ ನಿಜವಾದ ವಿಮಾನದ 24 ಸೆಂಟಿಮೀಟರ್ ಇಲ್ಲಿ 1 ಸೆಂಟಿಮೀಟರ್. ಸ್ಪಿಟ್‌ಫೈರ್‌ನ ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ 11.23 ಮೀಟರ್. 24ರಿಂದ ಭಾಗಿಸಿ ನೋಡಿ, ಸುಮಾರು 47 ಸೆಂಟಿಮೀಟರ್ ಬರುತ್ತದೆ. ನಿಮ್ಮ ಓದುವ ಮೇಜಿನ ಅರ್ಧವನ್ನು ಅದು ಆಕ್ರಮಿಸಿಕೊಳ್ಳುತ್ತದೆ. ಪೆಟ್ಟಿಗೆ ತೆರೆದರೆ ವಿಮಾನ ಕಾಣುವುದಿಲ್ಲ. ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡ ನೂರಾರು ಬಿಡಿಭಾಗಗಳು ಮಾತ್ರ ಕಾಣುತ್ತವೆ. ಒಂದೊಂದನ್ನೂ ಕತ್ತರಿಸಿ, ಅಂಚನ್ನು ಉಜ್ಜಿ ನಯಮಾಡಿ, ಅಂಟು ಹಾಕುವ ಮೊದಲು ಒಮ್ಮೆ ಕೂಡಿಸಿ ನೋಡಬೇಕು. ಎಂಜಿನ್ನು, ಪೈಲಟ್ಟಿನ ಆಸನ, ಮುಳ್ಳುಗಳಿರುವ ಫಲಕ ಇವೆಲ್ಲಕ್ಕೂ ಒಡಲಿನ ಎರಡು ಹೋಳುಗಳನ್ನು ಮುಚ್ಚುವ ಮೊದಲೇ ಬಣ್ಣ ಹಚ್ಚಬೇಕು. ಮುಚ್ಚಿದ ಮೇಲೆ ಕೈ ತೂರುವುದಿಲ್ಲ. ಕೊನೆಗೆ ಹೊರಗಿನ ಬಣ್ಣ, ಆಮೇಲೆ ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳು. ನಾನು ಎಡವಿದ್ದು ಈ ಕೊನೆಯ ಹಂತದಲ್ಲಿ.

ಈ ಹವ್ಯಾಸಕ್ಕೆ ಸುಮಾರು ತೊಂಬತ್ತು ವರ್ಷಗಳ ಇತಿಹಾಸವಿದೆ. 1930ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ‘ಸ್ಕೈಬರ್ಡ್ಸ್’ ಎಂಬ ಹೆಸರಿನ ಮರದ ಕಿಟ್‌ಗಳು ಬಂದವು. ಅವುಗಳ ಪ್ರಮಾಣ 1:72. ಈ ವಿಚಿತ್ರ ಸಂಖ್ಯೆಯ ಗುಟ್ಟು ಅಡಿ-ಇಂಚಿನ ಲೆಕ್ಕದಲ್ಲಿದೆ. ಆರು ಅಡಿ ಎಂದರೆ 72 ಇಂಚು. ಆರಡಿ ಎತ್ತರದ ಮನುಷ್ಯ ಈ ಪ್ರಮಾಣದಲ್ಲಿ ಸರಿಯಾಗಿ ಒಂದು ಇಂಚು ಆಗುತ್ತಾನೆ. 1936ರಲ್ಲಿ ‘ಫ್ರಾಗ್ ಪೆಂಗ್ವಿನ್’ ಎಂಬ ಪ್ಲಾಸ್ಟಿಕ್ ಕಿಟ್‌ಗಳು ಇದೇ ಪ್ರಮಾಣದಲ್ಲಿ ಮಾರುಕಟ್ಟೆಗೆ ಬಂದವು. ಅಲ್ಲಿಯವರೆಗೆ ಇದು ಮನೆಯ ಮೇಜಿನ ಮೇಲಿನ ವಿನೋದ. ಮೂರೇ ವರ್ಷಗಳಲ್ಲಿ ಯುದ್ಧ ಬಂತು.

1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಮೂರು ದಿನ ಕಳೆದಿತ್ತು, ಅಷ್ಟೆ. ಸೆಪ್ಟೆಂಬರ್ 6ರ ಬೆಳಗ್ಗೆ ಶತ್ರು ವಿಮಾನಗಳು ಬರುತ್ತಿವೆ ಎಂಬ ತಪ್ಪು ಸುದ್ದಿ ಹರಡಿ, ಬ್ರಿಟಿಷ್ ವಾಯುಪಡೆಯ ಹಲವು ತುಕಡಿಗಳು ಆಕಾಶಕ್ಕೇರಿದವು. ಶತ್ರು ಎಲ್ಲೂ ಇರಲಿಲ್ಲ. ಆದರೆ ಸ್ಪಿಟ್‌ಫೈರ್ ಪೈಲಟ್‌ಗಳು ತಮ್ಮದೇ ಪಡೆಯ ಎರಡು ಹರಿಕೇನ್ ವಿಮಾನಗಳನ್ನು ಜರ್ಮನ್ ವಿಮಾನಗಳೆಂದು ಭಾವಿಸಿ ಹೊಡೆದುರುಳಿಸಿದರು. ಮಾಂಟಗು ಹಲ್ಟನ್-ಹ್ಯಾರಪ್ ಎಂಬ ತರುಣ ಪೈಲಟ್ ಸತ್ತ. ಆ ಯುದ್ಧದಲ್ಲಿ ಮಡಿದ ಮೊದಲ ಬ್ರಿಟಿಷ್ ಫೈಟರ್ ಪೈಲಟ್ ಆತನೇ. ಅವನನ್ನು ಕೊಂದ ಗುಂಡು ಅವನದೇ ದೇಶದ್ದು.

ಎರಡು ವರ್ಷಗಳ ನಂತರ ಸಾಗರದಾಚೆ ಅದೇ ಕಥೆ ಮರುಕಳಿಸಿತು. 1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ್ದನ್ನು ನೀವು ಪಠ್ಯದಲ್ಲಿ ಓದಿದ್ದೀರಿ. ಅಂದೇ ರಾತ್ರಿ ಅಮೆರಿಕದ ‘ಎಂಟರ್‌ಪ್ರೈಸ್’ ನೌಕೆಯ ಆರು ವಿಮಾನಗಳು ಅಲ್ಲಿಗೆ ಇಳಿಯಲು ಬಂದವು. ಹಗಲಿನ ದಾಳಿಯಿಂದ ಕಂಗೆಟ್ಟಿದ್ದ ಅಮೆರಿಕದ ತೋಪುಗಾರರು ಅವುಗಳ ಮೇಲೆಯೇ ಗುಂಡಿನ ಮಳೆ ಸುರಿಸಿದರು. ಮೂವರು ಪೈಲಟ್‌ಗಳು ಪ್ರಾಣ ಕಳೆದುಕೊಂಡರು.

ಆಕಾಶದಲ್ಲಿ ಕಾಣುವ ವಿಮಾನ ನಮ್ಮದೋ ಶತ್ರುವಿನದೋ? ನಿರ್ಧರಿಸಲು ಸಿಗುವುದು ಕೆಲವೇ ಸೆಕೆಂಡು. ಪುಸ್ತಕದ ಚಿತ್ರ ಒಂದೇ ಕೋನದಿಂದ ತೋರಿಸುತ್ತದೆ. ವಿಮಾನ ಎಲ್ಲ ಕೋನಗಳಿಂದಲೂ ಬರುತ್ತದೆ. ಕೈಯಲ್ಲಿ ತಿರುಗಿಸಿ ನೋಡಬಹುದಾದ ಮಾದರಿಗಳು ಬೇಕಾಗಿದ್ದವು, ಅದೂ ಲಕ್ಷಗಟ್ಟಲೆ. 1942ರ ಆರಂಭದಲ್ಲಿ ಅಮೆರಿಕದ ನೌಕಾಪಡೆ ಕಾರ್ಖಾನೆಗಳನ್ನು ಕೇಳಲಿಲ್ಲ. ಅವು ನಿಜವಾದ ವಿಮಾನಗಳನ್ನು ಮಾಡುವುದರಲ್ಲಿ ಮುಳುಗಿದ್ದವು. ಅದು ನಿಮ್ಮ ವಯಸ್ಸಿನವರನ್ನು, ಹೈಸ್ಕೂಲು ವಿದ್ಯಾರ್ಥಿಗಳನ್ನು ಕೇಳಿತು. 50 ಬಗೆಯ ವಿಮಾನಗಳು, ಪ್ರತಿಯೊಂದರದೂ 10,000 ಮಾದರಿಗಳು, ಒಟ್ಟು 5 ಲಕ್ಷ. ಎಲ್ಲವೂ 1:72 ಪ್ರಮಾಣದಲ್ಲಿ.

ಶಾಲೆಗಳ ಮರಗೆಲಸದ ಕೊಠಡಿಗಳಿಗೆ ನಕ್ಷೆಗಳು ಬಂದವು. ಹುಡುಗರು ಮರದ ತುಂಡನ್ನು ಕೆತ್ತಿ, ರಟ್ಟಿನ ಅಚ್ಚುಗಳನ್ನು ಅದರ ಮೈಗೆ ಹಿಡಿದು ನೋಡಿ, ಸಂದು ಕಂಡಲ್ಲಿ ಮತ್ತೆ ಉಜ್ಜಿದರು. ಅಳತೆ ತಪ್ಪಿದ ಮಾದರಿಯನ್ನು ಪರೀಕ್ಷಕರು ತಿರಸ್ಕರಿಸುತ್ತಿದ್ದರು. ಈ ಪ್ರಮಾಣದಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ನಿಜವಾದ ವಿಮಾನದಲ್ಲಿ ಅದು 7 ಸೆಂಟಿಮೀಟರಿಗೂ ಹೆಚ್ಚು. ಒಪ್ಪಿಗೆಯಾದ ಮಾದರಿಗಳ ಸಂಖ್ಯೆಗೆ ತಕ್ಕಂತೆ ವಿದ್ಯಾರ್ಥಿಗಳಿಗೆ ಗೌರವ ಪದವಿಯ ಪ್ರಮಾಣಪತ್ರ ಸಿಗುತ್ತಿತ್ತು. ಬಣ್ಣ ಮಾತ್ರ ಎಲ್ಲದಕ್ಕೂ ಒಂದೇ, ಕಪ್ಪು. ಬೆಳಕಿಗೆ ಎದುರಾಗಿ ದೂರದಲ್ಲಿ ಹಾರುವ ವಿಮಾನದ ಬಣ್ಣ ಕಾಣುವುದಿಲ್ಲ, ನೆರಳಿನಂಥ ಆಕಾರ ಮಾತ್ರ ಕಾಣುತ್ತದೆ.

ಇಲ್ಲಿ ನಿಮ್ಮ ರೇಖಾಗಣಿತ ಕೆಲಸಕ್ಕೆ ಬರುತ್ತದೆ. ಸಮರೂಪ ತ್ರಿಭುಜಗಳನ್ನು ನೆನಪಿಸಿಕೊಳ್ಳಿ. ವಸ್ತುವನ್ನು 72 ಪಟ್ಟು ಚಿಕ್ಕದು ಮಾಡಿ, ದೂರವನ್ನೂ 72 ಪಟ್ಟು ಕಡಿಮೆ ಮಾಡಿದರೆ ಕಣ್ಣಿನಲ್ಲಿ ಏರ್ಪಡುವ ಕೋನ ಬದಲಾಗುವುದಿಲ್ಲ. ಆದ್ದರಿಂದ 35 ಅಡಿ ದೂರದಲ್ಲಿ ತೂಗುಹಾಕಿದ ಮಾದರಿ, 2,520 ಅಡಿ ಅಂದರೆ ಸುಮಾರು ಅರ್ಧ ಮೈಲಿ ದೂರದ ನಿಜ ವಿಮಾನದಷ್ಟೇ ಕಾಣುತ್ತದೆ. ಹೀಗೆ ಒಂದು ತರಗತಿಯ ಕೊಠಡಿಯೇ ಆಕಾಶವಾಯಿತು. ಮುಂದೆ ಷಿಕಾಗೋದ ಕ್ರೂವರ್ ಎಂಬ ಕಂಪನಿ ಇಂಥ ಮಾದರಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕತೊಡಗಿತು.

ಆದರೆ ಆಕಾರದ ಅಭ್ಯಾಸವೊಂದೇ ಸಾಲದಾಯಿತು. ವಿಮಾನದ ಮೇಲಿನ ಗುರುತುಗಳೂ ಬದಲಾಗಬೇಕಾಯಿತು. ಅಮೆರಿಕದ ವಿಮಾನಗಳ ಮೇಲಿದ್ದ ಬಿಳಿ ನಕ್ಷತ್ರದ ನಡುವೆ ಒಂದು ಕೆಂಪು ಚುಕ್ಕೆಯಿತ್ತು. ಜಪಾನಿನ ಗುರುತು ಕೆಂಪು ಸೂರ್ಯ. ದೂರದಿಂದ ಕೆಂಪು ಕಂಡರೆ ಸಾಕು, ಗುಂಡು ಹಾರುತ್ತಿತ್ತು. ಹಾಗಾಗಿ 1942ರ ಮೇ ತಿಂಗಳಲ್ಲಿ ಆ ಚುಕ್ಕೆಯನ್ನು ಅಳಿಸಿದರು. ಭಾರತ-ಬರ್ಮಾ ರಂಗದಲ್ಲಿಯೂ ಬ್ರಿಟಿಷ್ ಮತ್ತು ಭಾರತೀಯ ವಾಯುಪಡೆಗಳ ದುಂಡು ಗುರುತಿನಿಂದ ನಡುವಿನ ಕೆಂಪು ಮಾಯವಾಗಿ, ನೀಲಿ ಮತ್ತು ಬಿಳಿ ಮಾತ್ರ ಉಳಿದವು. ಬೆಂಗಳೂರಿನವರಿಗೆ ಇದು ದೂರದ ಸಂಗತಿಯಲ್ಲ. 1940ರಲ್ಲಿ ಇಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಿಂದ ಯುದ್ಧ ಮುಗಿಯುವವರೆಗೆ ಅಮೆರಿಕದ ಸೇನಾ ವಾಯುಪಡೆಯ ಉಸ್ತುವಾರಿಯಲ್ಲಿ ವಿಮಾನ ದುರಸ್ತಿಯ ದೊಡ್ಡ ಕೇಂದ್ರವಾಗಿತ್ತು. ದುರಸ್ತಿಗೆ ಬರುತ್ತಿದ್ದ ಕ್ಯಾಟಲೀನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಆ ದಿನಗಳ ವಿಮಾನದ ಮಾದರಿಯನ್ನು ನೀವು ಮಾಡುವುದಾದರೆ, ನಡುವಿನ ಕೆಂಪು ಚುಕ್ಕೆ ಇರಬೇಕೋ ಬೇಡವೋ ಎಂಬ ಒಂದೇ ಪ್ರಶ್ನೆ ನಿಮ್ಮನ್ನು ಇಸವಿಯವರೆಗೆ ಕರೆದೊಯ್ಯುತ್ತದೆ.

ಈಗ ನನ್ನ ಪಟ್ಟೆಗಳಿಗೆ ಬರೋಣ. 1943ರ ಜುಲೈ 11ರ ರಾತ್ರಿ ಅಮೆರಿಕದ 144 ಸಾಗಣೆ ವಿಮಾನಗಳು ಪ್ಯಾರಾಶೂಟ್ ಸೈನಿಕರನ್ನು ಹೊತ್ತು ಇಟಲಿಯ ಸಿಸಿಲಿ ದ್ವೀಪದತ್ತ ಹೊರಟವು. ಸ್ವಲ್ಪ ಹೊತ್ತಿನ ಮುಂಚೆ ಅಲ್ಲಿ ಶತ್ರುಗಳ ವಾಯುದಾಳಿ ನಡೆದಿತ್ತು. ಕತ್ತಲು, ಭಯ, ಗಾಬರಿ. ಕೆಳಗಿದ್ದ ತಮ್ಮದೇ ಹಡಗುಗಳಿಂದ, ತಮ್ಮದೇ ಸೈನ್ಯದಿಂದ ಗುಂಡು ಹಾರಿದವು. 23 ವಿಮಾನಗಳು ನಾಶವಾದವು. ಕತ್ತಲಲ್ಲಿ ಆಕಾರ ಕಲಿತ ಕಣ್ಣು ಏನು ಮಾಡೀತು?

ಮರುವರ್ಷ ಫ್ರಾನ್ಸಿನ ನಾರ್ಮಂಡಿ ಕರಾವಳಿಯ ಮೇಲೆ ಇನ್ನೂ ದೊಡ್ಡ ದಾಳಿ ನಡೆಯಲಿತ್ತು. ಸ್ನೇಹಿತ ವಿಮಾನವನ್ನು ಗುರುತಿಸುವ ರೇಡಿಯೋ ಉಪಕರಣಗಳಿದ್ದವು, ನಿಜ. ಆದರೆ ಸಾವಿರಾರು ವಿಮಾನಗಳು ಒಟ್ಟಿಗೆ ಹಾರಿದರೆ ಆ ಸಂಕೇತಗಳು ಕಲಸಿಹೋಗುತ್ತವೆಂಬ ಆತಂಕವಿತ್ತು. ಸಿಸಿಲಿಯ ಕಹಿ ಅನುಭವವೂ ಮರೆತಿರಲಿಲ್ಲ. ಹಾಗಾಗಿ ತೀರ ಸರಳವಾದ ಉಪಾಯ ಹೂಡಿದರು. ಪ್ರತಿ ರೆಕ್ಕೆಗೂ ಒಡಲಿನ ಹಿಂಭಾಗಕ್ಕೂ ಐದೈದು ಪಟ್ಟೆಗಳು, ಮೂರು ಬಿಳಿ, ಎರಡು ಕಪ್ಪು. ಒಂದು ಎಂಜಿನ್ನಿನ ವಿಮಾನಕ್ಕೆ ಪಟ್ಟೆಯ ಅಗಲ 18 ಇಂಚು. ಶತ್ರುವಿಗೆ ತಿಳಿದರೆ ಅವನೂ ಬಳಿದುಕೊಂಡಾನು ಎಂದು ಕೊನೆಯವರೆಗೂ ಗುಟ್ಟಾಗಿಟ್ಟು, 1944ರ ಜೂನ್ 6ರ ದಾಳಿಗೆ ಒಂದೆರಡು ದಿನ ಮೊದಲಷ್ಟೇ ಆಜ್ಞೆ ಹೊರಡಿಸಿದರು. ನೆಲದ ಸಿಬ್ಬಂದಿ ಸಿಕ್ಕ ಕುಂಚ ಹಿಡಿದು ರಾತ್ರಿ ಹಗಲು ಬಳಿದರು. ಅಂದಿನ ಛಾಯಾಚಿತ್ರಗಳಲ್ಲಿ ಎಷ್ಟೋ ವಿಮಾನಗಳ ಪಟ್ಟೆಗಳು ವಕ್ರವಾಗಿವೆ. ಇಂದು ಅಂಟುಪಟ್ಟಿ ಹಚ್ಚಿ ಗೆರೆ ಕೊರೆದಂತೆ ಬಳಿಯುವ ಹವ್ಯಾಸಿಯ ಮಾದರಿಗಿಂತ, ಸ್ವಲ್ಪ ಸೊಟ್ಟಗಿರುವ ಪಟ್ಟೆಯೇ ಹೆಚ್ಚು ನಿಜವಾಗಿರಲೂಬಹುದು!

ಯುದ್ಧ ಮುಗಿದ ಮೇಲೆ ಈ ಮಾದರಿಗಳು ಮತ್ತೆ ಮನೆಯ ಮೇಜಿಗೆ ಮರಳಿದವು. 1953ರಲ್ಲಿ ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ 1:72ರಲ್ಲಿ ತನ್ನ ಮೊದಲ ಸ್ಪಿಟ್‌ಫೈರ್ ಕಿಟ್ ತಂದಿತು. ಅದರ ಆಕಾರ ಅಷ್ಟು ಸರಿಯಿರಲಿಲ್ಲ. 1955ರಲ್ಲಿ ಹೊಸದನ್ನೇ ಮಾಡಬೇಕಾಯಿತು. 1970ರಲ್ಲಿ ಅದೇ ಕಂಪನಿ 1:24ರ ದೊಡ್ಡ ಸ್ಪಿಟ್‌ಫೈರ್ ತಂದಾಗ ಎಂಜಿನ್ನಿನ ಒಳವಿವರಗಳೂ ಮಾದರಿಯಲ್ಲಿ ಸೇರಿದ್ದವು. ಮಾದರಿ ದೊಡ್ಡದಾದಷ್ಟೂ ಮಾಡುವವನು ತಿಳಿದಿರಬೇಕಾದ ವಿಷಯವೂ ದೊಡ್ಡದಾಗುತ್ತದೆ. ಚಿಕ್ಕದರಲ್ಲಿ ಮುಚ್ಚಿಹೋಗುವ ಅಜ್ಞಾನ ದೊಡ್ಡದರಲ್ಲಿ ಬಯಲಾಗುತ್ತದೆ. ನನ್ನದು ಬಯಲಾದಂತೆ.

ನಿಮ್ಮಲ್ಲಿ ಹಲವರಿಗೆ ದುಬಾರಿ ಕಿಟ್ ಕೊಳ್ಳುವ ಅನುಕೂಲ ಇರಲಾರದು. ಚಿಂತೆಯಿಲ್ಲ. 1942ರ ಆ ವಿದ್ಯಾರ್ಥಿಗಳ ಬಳಿ ಇದ್ದದ್ದು ಮರದ ತುಂಡು, ಚಾಕು, ರಟ್ಟು, ಒಂದು ನಕ್ಷೆ. ಬೆಂಗಳೂರಿಗೆ ಬಂದಾಗ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋಗಿ. ಅಲ್ಲಿರುವ ಮಾರುತ್ ವಿಮಾನದ ಸುತ್ತ ಒಂದು ಸುತ್ತು ಹಾಕಿ, ರೆಕ್ಕೆ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂದು ನೋಡಿಕೊಂಡು, ಮನೆಗೆ ಬಂದು ರಟ್ಟಿನಲ್ಲಿ ಕತ್ತರಿಸಿ. ಎಲ್ಲಿ ನಿಮಗೆ ಗೊತ್ತಿಲ್ಲ ಎಂಬುದನ್ನು ಕತ್ತರಿಯೇ ಹೇಳುತ್ತದೆ.

ನಾನು ಆ ಹುಡುಗಿಗೆ ಉತ್ತರ ಬರೆದು ತಪ್ಪು ಒಪ್ಪಿಕೊಂಡೆ. ಮುಂದಿನ ಕಂತಿನಲ್ಲಿ ಅದನ್ನು ಹೇಳಿಯೂ ಹೇಳಿದೆವು. ಆಮೇಲೆ ಒಂದು ಭಾನುವಾರ ಕುಳಿತು, ನುಣ್ಣನೆಯ ಸ್ಯಾಂಡ್ ಪೇಪರಿನಿಂದ ಆ ಪಟ್ಟೆಗಳನ್ನು ಒಂದೊಂದಾಗಿ ಉಜ್ಜಿ ತೆಗೆದೆ. 18 ಇಂಚಿನ ಪಟ್ಟೆ ನನ್ನ ಮಾದರಿಯಲ್ಲಿ ಮುಕ್ಕಾಲು ಇಂಚು. ಬಳಿಯುವುದಕ್ಕೆ ಒಂದು ಗಂಟೆ ಹಿಡಿದಿತ್ತು. ತೆಗೆಯುವುದಕ್ಕೆ ಇಡೀ ದಿನ ಬೇಕಾಯಿತು.