ಕ್ಯಾನ್ಸರ್ ಕಥೆ, ಭಾಗ 4: ಸೀಟೇ ಇಲ್ಲದ ಬಸ್ಸು

ಸ್ಟೇಟ್‌ಬ್ಯಾಂಕಲ್ಲಿ ಬಸ್ಸಿನ ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿದವರು ನೀವೂ ಇರ್ಬಹುದು. ನನ್ನ ದೊಡ್ಡಮ್ಮ ದಿನಾ ನುಂಗುವ ಟ್ಯಾಮೊಕ್ಸಿಫೆನ್ ಮಾತ್ರೆಯ ಕೆಲಸವೂ ಅದೇ. ಸ್ತನ ಕ್ಯಾನ್ಸರಿನ ಕೋಶದಲ್ಲಿ ಈಸ್ಟ್ರೋಜನ್ ಕೂರುವ ಸೀಟನ್ನು ಅದು ಮೊದಲೇ ಹಿಡಿದಿಡ್ತದೆ.

1962ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಡೋರಾ ರಿಚರ್ಡ್‌ಸನ್ ಇದನ್ನು ತಯಾರಿಸಿದಾಗ ಹುಡುಕುತ್ತಿದ್ದದ್ದು ಗರ್ಭನಿರೋಧಕ. ಅದಕ್ಕೆ ಆಗಲಿಲ್ಲ, ಕ್ಯಾನ್ಸರಿಗೆ ಆಯ್ತು.

ಆದರೆ ಕೆಲವರಲ್ಲಿ ಈ ಮಾತ್ರೆ ನಾಟುವುದು ನಿಲ್ತದೆ. ಯಾಕೆ? ಉತ್ತರದ ಒಂದು ತುಂಡು ಸಿಕ್ಕಿದ್ದು ಹುಳದಲ್ಲಿ ಮಾರಾಯ್ರೆ! 1993ರಲ್ಲಿ ವಿಕ್ಟರ್ ಆಂಬ್ರೋಸ್ ತಂಡ ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ ಬರೀ 22 ಅಕ್ಷರದ ಆರ್‌ಎನ್‌ಎ ಕಂಡಿತು. ತಾನು ಪ್ರೋಟೀನ್ ಮಾಡುವುದಿಲ್ಲ, ಬೇರೆ ಜೀನಿಗೆ ಮಾಡಲಿಕ್ಕೂ ಬಿಡುವುದಿಲ್ಲ. ಹುಳದ್ದೇನೋ ವಿಚಿತ್ರ ಅಂತ ಹೆಚ್ಚಿನವರು ಸುಮ್ಮನಾದರು. 2000ದಲ್ಲಿ ಗ್ಯಾರಿ ರವ್ಕುನ್ ತಂಡ ಅಂಥದ್ದೇ ಇನ್ನೊಂದು ಮನುಷ್ಯರಲ್ಲೂ ಉಂಟು ಅಂತ ತೋರಿಸಿತು. (ಇಬ್ಬರಿಗೂ ನೊಬೆಲ್ ಬಂದದ್ದು 2024ರಲ್ಲಿ!)

2008ರಲ್ಲಿ ಅಮೆರಿಕದ ಎರಡು ತಂಡಗಳು ಲ್ಯಾಬಿನ ಕ್ಯಾನ್ಸರ್ ಕೋಶಗಳಲ್ಲಿ ಮಿಆರ್-221, ಮಿಆರ್-222 ಜೋಡಿಯನ್ನು ಹಿಡಿದವು. ಇವು ಹೆಚ್ಚಾದರೆ ಸೀಟು ತಯಾರಾಗುವುದೇ ಕಮ್ಮಿ. ಕರ್ಚೀಫು ಹಾಕೋದೆಲ್ಲಿ? ಸಾಲದ್ದಕ್ಕೆ, ಕೋಶ ವಿಭಜನೆಗೆ ಬ್ರೇಕ್ ಹಾಕುವ ಪಿ27 ಪ್ರೋಟೀನೂ ಇಳೀತದೆ.

ಇಂಥ ಆರ್‌ಎನ್‌ಎ ರಕ್ತದಲ್ಲೂ ಸಿಗ್ತದೆ. ಹಾಗಾಗಿ ಮಾತ್ರೆ ಸೋಲುವ ಮೊದಲೇ ರಕ್ತ ನೋಡಿ ಹೇಳಬಹುದು ಅನ್ನುವ ಆಸೆ. ಒಂದು ಲ್ಯಾಬಿನ ಲೆಕ್ಕ ಇನ್ನೊಂದಕ್ಕೆ ಎಷ್ಟೋ ಸಲ ಹೊಂದುವುದಿಲ್ಲ ಅನ್ನುವುದೇ ತೊಡಕು.

"ಆ ಟೆಸ್ಟ್ ನಮ್ಮ ಮಂಗಳೂರಲ್ಲಿ ಉಂಟಾ?" ದೊಡ್ಡಮ್ಮ ಕೇಳಿದ್ರು. ಆಸ್ಪತ್ರೆಯ ಮಾಮೂಲಿ ಪರೀಕ್ಷೆಯಾಗಿ ಎಲ್ಲಿಯೂ ಬಂದಿಲ್ಲ ಅಂದೆ. ಅವರು ಕ್ಯಾಲೆಂಡರಲ್ಲಿ ಮುಂದಿನ ಚೆಕಪ್ಪಿನ ತಾರೀಕಿಗೆ ಗುರುತು ಹಾಕಿದ್ರು.